ಹಣಪೇಟೆಯ ನಿಧಿಗಳ ಸ್ವರೂಪವೂ ಅಪಾಯವೂ

ನಮ್ಮ ಮಡಕಶಿರಾ, ರಾಯದುರ್ಗಗಳ ಕಡೆಯ ಮನೆಗಳಿಗೆ ಹಣವು ವರ್ಷವಿಡೀ ಸಮನಾಗಿ ಹರಿದು ಬರುವುದಿಲ್ಲ. ಮುಂಗಾರಿನಲ್ಲಿ ಬಿತ್ತಿದ ಕಡಲೆಕಾಯಿ ದೀಪಾವಳಿಯ ಸುಮಾರಿಗೆ ಕಣಕ್ಕೆ ಬಂದು, ಅನಂತರ ಮಾರಾಟವಾಗುತ್ತದೆ. ಅಡಕೆಯವರಿಗೆ ಕೊಯ್ಲಿನ ಕಾಲದಲ್ಲಿ, ಹಿಪ್ಪುನೇರಳೆ ಹಾಕಿದವರಿಗೆ ರೇಷ್ಮೆಗೂಡು ಹಿಂದೂಪುರದ ಪೇಟೆಯನ್ನು ಮುಟ್ಟಿದ ದಿನ, ರಾಯದುರ್ಗದಲ್ಲಿ ಜೀನ್ಸ್ ಬಟ್ಟೆ ಹೊಲಿಯುವವರಿಗೆ ಕೆಲಸ ಹೆಚ್ಚಿದ ತಿಂಗಳಲ್ಲಿ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತದೆ. ಖರ್ಚಾದರೋ ಜೂನ್ ತಿಂಗಳಿಗಾಗಿ ಕಾದು ಕುಳಿತಿರುತ್ತದೆ. ಬೀಜ, ಗೊಬ್ಬರ, ಮಕ್ಕಳ ಶುಲ್ಕ, ಹಾಸ್ಟೆಲು, ಪುಸ್ತಕ ಎಲ್ಲವೂ ಒಂದೇ ಪಕ್ಷದೊಳಗೆ ಬಾಗಿಲು ತಟ್ಟುತ್ತವೆ. ಈ ನಡುವಿನ ಐದಾರು ತಿಂಗಳು ಹಣವನ್ನು ಎಲ್ಲಿಡಬೇಕೆಂಬುದೇ ಈ ಲೇಖನದ ವಿಷಯ.

ಇದನ್ನು ಬರೆಯುವುದಕ್ಕೆ ಒಂದು ನಿಮಿತ್ತವುಂಟು. ಕಳೆದ ಮಾಗಿಯಲ್ಲಿ ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳ ತಂದೆಯವರು ಸಂಜೆಯ ವೇಳೆ ನನ್ನ ಕೊಠಡಿಗೆ ಬಂದರು. ಕಡಲೆಕಾಯಿ, ಗೂಡು ಎರಡನ್ನೂ ಮಾರಿ ಸಾಲ ತೀರಿಸಿದ ಮೇಲೆ ಅವರ ಬಳಿ ೧,೨೦,೦೦೦ ರೂಪಾಯಿ ಉಳಿದಿತ್ತು. ಮಗಳನ್ನು ತುಮಕೂರಿನಲ್ಲಿ ಪಿ.ಯು. ತರಗತಿಗೆ ಸೇರಿಸಬೇಕು; ಹಾಸ್ಟೆಲಿನ ಹಣವನ್ನು ಜೂನ್ ಮೊದಲ ವಾರದಲ್ಲಿ ಕಟ್ಟಬೇಕು. ಪೇಟೆಯ ಪರಿಚಿತನೊಬ್ಬನು, "ಲಿಕ್ವಿಡ್ ಫಂಡಿನಲ್ಲಿ ಹಾಕಿ, ಬ್ಯಾಂಕಿದ್ದ ಹಾಗೆಯೇ, ಬಡ್ಡಿ ಮಾತ್ರ ಜಾಸ್ತಿ" ಎಂದು ಹೇಳಿ, ಅಚ್ಚಾದ ಕಾಗದವೊಂದನ್ನು ಕೊಟ್ಟು ರುಜು ಕೇಳಿದ್ದನು. ಕಾಗದವು ಇಂಗ್ಲಿಷಿನಲ್ಲಿತ್ತು.

"ಮೇಷ್ಟ್ರೆ, ಇದರಲ್ಲಿ ಏನು ಬರೆದಿದೆ ಓದಿ ಹೇಳಿ. ಈ ದುಡ್ಡು ಹೋದರೆ ಹುಡುಗಿ ಓದು ನಿಂತ ಹಾಗೆಯೇ" ಎಂದರು.

ಗಡಿನಾಡಿನ ಕನ್ನಡಿಗನ ಕಷ್ಟಗಳಲ್ಲಿ ಇದೂ ಒಂದು. ರಾಯದುರ್ಗವು ೧೯೫೩ರ ವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿದ್ದು ಆಂಧ್ರ ರಾಜ್ಯವು ಹುಟ್ಟಿದಾಗ ಅನಂತಪುರಕ್ಕೆ ಸೇರಿತು. ಮಡಕಶಿರಾ ೨೦೨೨ರ ಏಪ್ರಿಲಿನಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಜಿಲ್ಲೆಗಳು ಬದಲಾದರೂ ಎಷ್ಟೋ ಮನೆಗಳ ಮಾತು ಕನ್ನಡವಾಗಿಯೇ ಉಳಿದಿದೆ. ಆದರೆ ಹಣದ ಕಾಗದಗಳು ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಬರುತ್ತವೆ. ಓದಲಾರದ ಕಾಗದಕ್ಕೆ ರುಜು ಹಾಕುವುದೇ ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ. ಮುಂದೆ ಹೇಳುವ ಅಪಾಯಗಳೆಲ್ಲ ಅದರ ತರುವಾಯದವು. ಆ ದಿನ ಆರಂಭಿಸಿದ ಪಾಠವು ಮೂರು ಸಂಜೆ ನಡೆಯಿತು. ಅದರ ಸಾರವನ್ನು ಇಲ್ಲಿ ಕೊಡುತ್ತೇನೆ.

ಮೊದಲು ಹುಂಡಿಯ ವಿಚಾರ. ಹಿಂದಿನ ಕಾಲದ ಮಂಡಿಯ ವರ್ತಕರು ಮೂರು ತಿಂಗಳ ತರುವಾಯ ನೂರು ರೂಪಾಯಿ ಕೊಡುವುದಾಗಿ ಹುಂಡಿ ಬರೆದುಕೊಟ್ಟು ಇಂದು ತೊಂಬತ್ತೆಂಟು ರೂಪಾಯಿ ಪಡೆಯುತ್ತಿದ್ದರು. ನಡುವಿನ ಎರಡು ರೂಪಾಯಿಗೆ ಸೋಡಿ ಎಂದು ಹೆಸರು. ಬಡ್ಡಿಯೆಂಬ ಮಾತೇ ಬಾರದೆ ಬಡ್ಡಿಯು ಅದರಲ್ಲಿ ಅಡಗಿರುತ್ತದೆ. ಸರ್ಕಾರವೂ ಇದನ್ನೇ ಮಾಡುತ್ತದೆ. ಭಾರತ ಸರ್ಕಾರವು ರಿಸರ್ವ್ ಬ್ಯಾಂಕಿನ ಮೂಲಕ ೯೧, ೧೮೨, ೩೬೪ ದಿನಗಳ ಖಜಾನೆ ಹುಂಡಿಗಳನ್ನು ಮಾರುತ್ತದೆ. ೯೧ ದಿನಗಳ ಹುಂಡಿಯನ್ನು ೯೮ ರೂಪಾಯಿ ೬೦ ಪೈಸೆಗೆ ಕೊಂಡವನಿಗೆ ಅವಧಿ ತೀರಿದಾಗ ೧೦೦ ರೂಪಾಯಿ ಬಂದರೆ, ೧ ರೂಪಾಯಿ ೪೦ ಪೈಸೆ ಲಾಭ. ಇದು ವರ್ಷಕ್ಕೆ ಶೇಕಡಾ ಎಷ್ಟಾಯಿತು? ಒಂಬತ್ತನೆಯ ತರಗತಿಯವರು ಲೆಕ್ಕ ಮಾಡಿ ನೋಡಬಹುದು, ಸುಮಾರು ೫.೭ ಬರಬೇಕು. ಲಾಭವನ್ನು ೧೦೦ರಿಂದ ಭಾಗಿಸದೆ ೯೮.೬೦ರಿಂದ ಭಾಗಿಸುವುದನ್ನು ಮರೆಯಬಾರದು.

ಸರ್ಕಾರದಂತೆಯೇ ದೊಡ್ಡ ಕಂಪೆನಿಗಳು ಅಲ್ಪಾವಧಿಗೆ ಬರೆದುಕೊಡುವ ಹುಂಡಿಗೆ ವಾಣಿಜ್ಯ ಪತ್ರವೆಂದೂ, ಬ್ಯಾಂಕುಗಳು ಕೊಡುವ ಪತ್ರಕ್ಕೆ ಠೇವಣಿ ಪ್ರಮಾಣಪತ್ರವೆಂದೂ ಹೆಸರು. ನಮ್ಮ ದೇಶದಲ್ಲಿ ಎರಡನೆಯದು ೧೯೮೯ರಲ್ಲಿ, ಮೊದಲನೆಯದು ೧೯೯೦ರಲ್ಲಿ ಬಳಕೆಗೆ ಬಂದಿತು. ಇಂಥ ಒಂದು ವರ್ಷದೊಳಗಿನ ಸಾಲಪತ್ರಗಳನ್ನು ಕೊಳ್ಳುವ, ಮಾರುವ ವ್ಯವಹಾರಕ್ಕೇ ಹಣಪೇಟೆಯೆಂದು ಹೆಸರು. ಅದಕ್ಕೆ ಅಂಗಡಿಯಿಲ್ಲ, ಬೀದಿಯಿಲ್ಲ. ಬ್ಯಾಂಕುಗಳು, ವಿಮಾ ಸಂಸ್ಥೆಗಳು, ಕಂಪೆನಿಗಳು ಕೋಟಿಗಳ ಲೆಕ್ಕದಲ್ಲಿ ಅಲ್ಲಿ ವ್ಯಾಪಾರ ಮಾಡುತ್ತವೆ. ವಾಣಿಜ್ಯ ಪತ್ರವೊಂದರ ಕನಿಷ್ಠ ಮೊತ್ತವೇ ೫ ಲಕ್ಷ ರೂಪಾಯಿ. ನಮ್ಮ ರೈತರಿಗೆ ಅಲ್ಲಿ ಪ್ರವೇಶವೆಲ್ಲಿ?

ಪ್ರವೇಶ ಮಾಡಿಸುವುದೇ ನಿಧಿಯ ಕೆಲಸ. ಸಾವಿರಾರು ಜನರ ಸಣ್ಣ ಸಣ್ಣ ಮೊತ್ತಗಳನ್ನು ಕೂಡಿಸಿ, ಆ ರಾಶಿಯಿಂದ ಇಂಥ ಪತ್ರಗಳನ್ನು ಕೊಂಡು, ಬಂದ ಲಾಭದಲ್ಲಿ ತನ್ನ ಖರ್ಚನ್ನು ಕಳೆದು, ಉಳಿದುದನ್ನು ಹಣ ಹಾಕಿದವರಿಗೆ ಸೇರಿಸುವ ವ್ಯವಸ್ಥೆಗೆ ಮ್ಯೂಚುಯಲ್ ಫಂಡು ಎನ್ನುತ್ತಾರೆ. ಸಣ್ಣ ಹಣವನ್ನು ಕೂಡಿಸುವ ವಿದ್ಯೆ ಕನ್ನಡಿಗರಿಗೆ ಹೊಸದಲ್ಲ. ಉಡುಪಿಯಲ್ಲಿ ಆರಂಭವಾದ ಸಿಂಡಿಕೇಟ್ ಬ್ಯಾಂಕು ೧೯೨೮ರಲ್ಲಿಯೇ ಪಿಗ್ಮಿ ಠೇವಣಿಯನ್ನು ತೊಡಗಿಸಿ ಮನೆಮನೆಯಿಂದ ದಿನಕ್ಕೆರಡಾಣೆ ಎತ್ತಿತು. ೧೯೦೬ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕು ೧೯೮೭ರಲ್ಲಿ ಕ್ಯಾನ್‌ಬ್ಯಾಂಕ್ ಮ್ಯೂಚುಯಲ್ ಫಂಡನ್ನು ಸ್ಥಾಪಿಸಿತು. ಹಾಲೆಂಡಿನ ಸಂಸ್ಥೆಯೊಂದು ೨೦೦೭ರಲ್ಲಿ ಪಾಲುಗಾರನಾದ ಮೇಲೆ ಅದು ಕೆನರಾ ರೊಬೆಕೊ ಎನಿಸಿತು. ಸಿಂಡಿಕೇಟ್ ಬ್ಯಾಂಕು ೨೦೨೦ರಲ್ಲಿ ಕೆನರಾದೊಳಗೆ ಐಕ್ಯವಾಗಿ ಹೋಯಿತು. ಆದರೆ ಪಿಗ್ಮಿಗೂ ಫಂಡಿಗೂ ಒಂದು ಮುಖ್ಯ ಭೇದವಿದೆ. ಪಿಗ್ಮಿಯಲ್ಲಿ ಹಾಕಿದ ಹಣಕ್ಕೆ ಬ್ಯಾಂಕು ಸಾಲಗಾರ. ಅದರ ವ್ಯಾಪಾರ ಹೇಗೇ ನಡೆಯಲಿ, ಹೇಳಿದ ಹಣವನ್ನು ಹೇಳಿದ ದಿನ ಕೊಡುವುದು ಅದರ ಹೊಣೆ. ಫಂಡಿನಲ್ಲಿ ಹಾಕಿದವನು ಪಾಲುಗಾರ. ರಾಶಿ ಬೆಳೆದರೆ ಅವನ ಪಾಲೂ ಬೆಳೆಯುತ್ತದೆ, ಕುಗ್ಗಿದರೆ ಕುಗ್ಗುತ್ತದೆ. "ಬ್ಯಾಂಕಿದ್ದ ಹಾಗೆಯೇ" ಎಂಬ ಮಾತು ಆದಕಾರಣ ಸರಿಯಲ್ಲ. ಆ ಪರಿಚಿತನು ಮೋಸಗಾರನಲ್ಲ; ತನಗೆ ಪೂರಾ ತಿಳಿಯದುದನ್ನು ತಿಳಿದವನಂತೆ ಹೇಳಿದನು. ನಮ್ಮಲ್ಲಿ ಇಂಥವರೇ ಹೆಚ್ಚು.

ಪಾಲಿನ ಲೆಕ್ಕವು ಸರಳವಾದದ್ದು. ನಿಧಿಯ ಒಟ್ಟು ಆಸ್ತಿಯ ಅಂದಂದಿನ ಬೆಲೆಯಿಂದ ಖರ್ಚನ್ನು ಕಳೆದು, ಯೂನಿಟುಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಯೂನಿಟಿನ ನಿವ್ವಳ ಬೆಲೆ ಬರುತ್ತದೆ. ಅದು ೩,೦೦೦ ರೂಪಾಯಿಯಿದ್ದ ದಿನ ೬೦,೦೦೦ ಹಾಕಿದವನಿಗೆ ೨೦ ಯೂನಿಟು. ಬೆಲೆ ೩,೦೯೦ ಆದ ದಿನ ತೆಗೆದರೆ ೬೧,೮೦೦. ಈ ಬೆಲೆಯನ್ನು ಕೆಲಸದ ದಿನಗಳಲ್ಲೆಲ್ಲ ಪ್ರಕಟಿಸುತ್ತಾರೆ.

ಇಂಥ ನಿಧಿಗಳು ಅಮೆರಿಕದಲ್ಲಿ ೧೯೭೦ರ ದಶಕದ ಆದಿಯಲ್ಲಿ ಹುಟ್ಟಿದುವು. ನಮ್ಮಲ್ಲಿ ೧೯೯೨ರಲ್ಲಿ ರಿಸರ್ವ್ ಬ್ಯಾಂಕು ನಿಯಮಗಳನ್ನು ಮಾಡಿತು. ೨೦೦೦ದಲ್ಲಿ ಮೇಲ್ವಿಚಾರಣೆಯು ಸೆಬಿಯ ಕೈಗೆ ಬಂದಿತು. ಸೆಬಿಯು ೨೦೧೭ರಲ್ಲಿ ಮಾಡಿದ ವಿಂಗಡಣೆಯಂತೆ ಒಂದೇ ದಿನದ ಪತ್ರಗಳನ್ನು ಕೊಳ್ಳುವುದು ಓವರ್‌ನೈಟ್ ಫಂಡು. ೯೧ ದಿನಗಳ ವರೆಗಿನದು ಲಿಕ್ವಿಡ್ ಫಂಡು. ಒಂದು ವರ್ಷದ ವರೆಗಿನದು ಮನಿ ಮಾರ್ಕೆಟ್ ಫಂಡು. ಹೆಸರು ಮುಖ್ಯವಲ್ಲ, ದಿನಗಳು ಮುಖ್ಯ. ಏಕೆಂದರೆ ಅಪಾಯದ ಒಂದು ಭಾಗವು ದಿನಗಳಲ್ಲಿಯೇ ಇದೆ.

ಅದು ಹೇಗೆಂದರೆ, ನಾನು ೫.೭ರ ದರದಲ್ಲಿ ಹುಂಡಿ ಕೊಂಡ ಮರುದಿನವೇ ಪೇಟೆಯ ದರವು ೭.೭ಕ್ಕೆ ಏರಿತೆನ್ನೋಣ. ಈಗ ನನ್ನ ಹಳೆಯ ಹುಂಡಿಯನ್ನು ಯಾರು ಕೊಳ್ಳುತ್ತಾರೆ? ಬೆಲೆ ಇಳಿಸಿದರೆ ಮಾತ್ರ ಕೊಳ್ಳುತ್ತಾರೆ. ಮೂರು ತಿಂಗಳ ಹುಂಡಿಯಾದರೆ ನೂರಕ್ಕೆ ಸುಮಾರು ೪೮ ಪೈಸೆ ಇಳಿಸಿದರೆ ಸಾಕು. ಒಂದು ವರ್ಷದ್ದಾದರೆ ೧ ರೂಪಾಯಿ ೭೬ ಪೈಸೆಯಷ್ಟು ಇಳಿಸಬೇಕು. ಹತ್ತು ವರ್ಷದ ಸಾಲಪತ್ರವಾದರೆ ಹದಿಮೂರೂವರೆ ರೂಪಾಯಿಯೇ ಹೋಗುತ್ತದೆ. ದರವು ಎಲ್ಲಕ್ಕೂ ಒಂದೇ, ಆದರೆ ಪೆಟ್ಟು ಬೇರೆ ಬೇರೆ. ಒಂದೇ ದಿನದಲ್ಲಿ ಶೇಕಡಾ ಎರಡು ಏರುವುದುಂಟೆ ಎಂದು ಕೇಳಬಹುದು. ಉಂಟು. ೨೦೧೩ರ ಜುಲೈ ೧೫ರ ರಾತ್ರಿ, ಬೀಳುತ್ತಿದ್ದ ರೂಪಾಯಿಯನ್ನು ತಡೆಯುವುದಕ್ಕಾಗಿ ರಿಸರ್ವ್ ಬ್ಯಾಂಕು, ಬ್ಯಾಂಕುಗಳು ತುರ್ತಿಗೆ ಪಡೆಯುವ ಸಾಲದ ದರವನ್ನು ೮.೨೫ರಿಂದ ೧೦.೨೫ಕ್ಕೆ ಏರಿಸಿತು. ಮರುದಿನ, ಎಂದೂ ಇಳಿಯದೆಂದು ಜನರು ನಂಬಿದ್ದ ಲಿಕ್ವಿಡ್ ಫಂಡುಗಳ ಬೆಲೆಯೂ ಇಳಿಯಿತು. ಹಣ ತೆಗೆಯುವವರ ನೂಕುನುಗ್ಗಲು ಕಂಡು ರಿಸರ್ವ್ ಬ್ಯಾಂಕು ೧೭ರಂದು ಫಂಡುಗಳ ನೆರವಿಗೆ ೨೫,೦೦೦ ಕೋಟಿ ರೂಪಾಯಿಗಳ ವಿಶೇಷ ಏರ್ಪಾಡು ಮಾಡಬೇಕಾಯಿತು. ಆದರೂ ಈ ಬಗೆಯ ನಷ್ಟವು ಸಣ್ಣದು. ಹುಂಡಿಯ ಅವಧಿ ತೀರಿದೊಡನೆ ಪೂರ್ತಿ ನೂರು ಬರುವುದರಿಂದ, ಕಾದವನಿಗೆ ಇಳಿದದ್ದು ಕೆಲವು ದಿನಗಳಲ್ಲಿ ತುಂಬಿಕೊಳ್ಳುತ್ತದೆ.

ತುಂಬಿಕೊಳ್ಳದ ನಷ್ಟವೊಂದಿದೆ. ಹುಂಡಿ ಬರೆದುಕೊಟ್ಟವನೇ ಕೈಯೆತ್ತಿಬಿಟ್ಟರೆ? ಇಲ್ಲಿ ವಾಚಕರು ಸ್ವಲ್ಪ ನಿಲ್ಲಬೇಕು.

೧೦೦ ಕೋಟಿಯ ನಿಧಿಯೊಂದು ೫ ಕೋಟಿಯನ್ನು ಒಂದು ಕಂಪೆನಿಗೆ ಕೊಟ್ಟಿದ್ದು ಅದು ಮುಳುಗಿದರೆ, ಎಲ್ಲರ ಪಾಲಿನಲ್ಲಿಯೂ ಶೇಕಡಾ ೫ ಹೋಗುತ್ತದೆ. ೬೦,೦೦೦ ಇದ್ದವನಿಗೆ ೩,೦೦೦. ವರ್ಷಕ್ಕೆ ಶೇಕಡಾ ಆರರ ಲಾಭವೆಂದು ಹಿಡಿದರೆ ಇದು ಹತ್ತು ತಿಂಗಳ ಗಳಿಕೆ. ಇದು ಬರಿಯ ಊಹೆಯ ಲೆಕ್ಕವಲ್ಲ. ೨೦೧೭ರ ಫೆಬ್ರವರಿಯಲ್ಲಿ ಬಲ್ಲಾರ್‌ಪುರ್ ಇಂಡಸ್ಟ್ರೀಸ್ ಎಂಬ ಕಾಗದದ ಕಂಪೆನಿಯ ಸಾಲಪತ್ರಗಳ ಶ್ರೇಣಿಯನ್ನು ತಳಕ್ಕಿಳಿಸಿದಾಗ, ಅವನ್ನು ಹೊಂದಿದ್ದ ಟಾರಸ್ ಸಂಸ್ಥೆಯ ಲಿಕ್ವಿಡ್ ಫಂಡಿನ ಬೆಲೆ ಒಂದೇ ದಿನದಲ್ಲಿ ಶೇಕಡಾ ೭ರಷ್ಟು ಕುಸಿಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಐ.ಎಲ್. ಅಂಡ್ ಎಫ್.ಎಸ್. ಎಂಬ ಭಾರಿ ಹಣಕಾಸಿನ ಸಂಸ್ಥೆಯು ವಾಣಿಜ್ಯ ಪತ್ರಗಳ ಹಣವನ್ನು ಕೊಡಲಾರದೆ ಹೋಯಿತು. ಸ್ವಲ್ಪ ಕಾಲಕ್ಕೆ ಮೊದಲು ಅದೇ ಸಂಸ್ಥೆಗೆ ಅತ್ಯುಚ್ಚ ಶ್ರೇಣಿಯ ಗುರುತಿತ್ತು! ಪರೀಕ್ಷೆಯಲ್ಲಿ ಮೊದಲ ದರ್ಜೆ ಕೊಟ್ಟು ತಿಂಗಳೊಳಗೆ ನಪಾಸು ಮಾಡಿದರೆ ಪರೀಕ್ಷಕನನ್ನು ನಾವು ಏನೆನ್ನುತ್ತೇವೆ? ಶ್ರೇಣಿ ನೀಡುವವರ ಮಾತನ್ನು ಕೇಳೋಣ, ಆದರೆ ಅದೊಂದನ್ನೇ ನಂಬಿ ಕೂರಬಾರದು.

ಮೂರನೆಯ ಅಪಾಯವು ಜನರ ಅಂಜಿಕೆಯಿಂದ ಹುಟ್ಟುವಂಥದು. ಅಮೆರಿಕದ ರಿಸರ್ವ್ ಪ್ರೈಮರಿ ಫಂಡಿನಲ್ಲಿ ೨೦೦೮ರ ಸೆಪ್ಟೆಂಬರಿನಲ್ಲಿ ಸುಮಾರು ೬,೨೦೦ ಕೋಟಿ ಡಾಲರುಗಳಿದ್ದವು. ೧೫ರಂದು ದಿವಾಳಿಯಾದ ಲೇಮನ್ ಬ್ರದರ್ಸ್ ಸಂಸ್ಥೆಯ ಪತ್ರಗಳು ಅದರಲ್ಲಿ ೭೮.೫ ಕೋಟಿ ಡಾಲರಿನಷ್ಟು. ಅಂದರೆ ನೂರಕ್ಕೆ ಒಂದೂಕಾಲರಷ್ಟು ಮಾತ್ರ. ಆದರೂ ಸುದ್ದಿ ಹರಡಿದೊಡನೆ ಎಲ್ಲರೂ ಒಟ್ಟಿಗೆ ಹಣ ಕೇಳಿದರು. ಒಂದು ಡಾಲರಿಗೆ ಕಡಿಮೆಯಾಗದೆಂದು ತಿಳಿದಿದ್ದ ಯೂನಿಟಿನ ಬೆಲೆ ಮರುದಿನ ೯೭ ಸೆಂಟಾಯಿತು, ನಿಧಿಯ ಬಾಗಿಲು ಮುಚ್ಚಿತು. ತೊಂಬತ್ತೆಂಟೂ ಮುಕ್ಕಾಲು ಭಾಗ ಗಟ್ಟಿಯಾಗಿದ್ದರೂ ಹಣವು ಬೇಕೆಂದಾಗ ಕೈಗೆ ಬರಲಿಲ್ಲ. ನಮ್ಮ ದೇಶದಲ್ಲಿಯೂ ೨೦೨೦ರ ಏಪ್ರಿಲ್ ೨೩ರಂದು, ಕರೋನಾ ರೋಗದ ನಿರ್ಬಂಧದ ಕಾಲದಲ್ಲಿ, ಫ್ರಾಂಕ್ಲಿನ್ ಟೆಂಪಲ್ಟನ್ ಸಂಸ್ಥೆಯು ಆರು ಸಾಲಪತ್ರ ನಿಧಿಗಳನ್ನು ಒಮ್ಮೆಗೇ ಮುಚ್ಚಿತು. ನ್ಯಾಯಾಲಯದ ವರೆಗೆ ಹೋದ ಆ ಹಣವು ೨೦೨೧ರಿಂದ ಕಂತು ಕಂತಾಗಿ ಹಿಂದಿರುಗಿತು. ಕೊನೆಗೆ ನಷ್ಟವಾಗಲಿಲ್ಲವೆನ್ನುವವರಿದ್ದಾರೆ. ಜೂನಿನಲ್ಲಿ ಹಾಸ್ಟೆಲಿಗೆ ಕಟ್ಟಬೇಕಾದ ಹಣವು ಮುಂದಿನ ವರ್ಷ ಬಂದರೆ ಅದನ್ನು ನಷ್ಟವಲ್ಲವೆನ್ನಲು ನನಗೆ ನಾಲಿಗೆ ಏಳದು. ಆ ಆರರಲ್ಲಿ ಲಿಕ್ವಿಡ್ ಫಂಡು ಒಂದೂ ಇರಲಿಲ್ಲವೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಆದರೆ ಅಲ್ಪಾವಧಿಯೆಂಬ ಅರ್ಥದ ಹೆಸರುಳ್ಳವು ಇದ್ದವು. ಹೆಸರು ಮುಖ್ಯವಲ್ಲವೆಂದು ಮೇಲೆ ಹೇಳಿದ್ದು ಇದಕ್ಕಾಗಿಯೇ.

ಈ ಪೆಟ್ಟುಗಳಿಂದ ನಿಯಮಗಳು ಬಿಗಿಯಾದವು. ಲಿಕ್ವಿಡ್ ಫಂಡುಗಳು ಐದರಲ್ಲೊಂದು ಭಾಗವನ್ನು ನಗದು, ಖಜಾನೆ ಹುಂಡಿ ಮೊದಲಾದ ಕೂಡಲೆ ಕೈಗೆ ಬರತಕ್ಕ ರೂಪದಲ್ಲಿ ಇಡಬೇಕೆಂದು ೨೦೧೯ರಲ್ಲಿ ಸೆಬಿ ವಿಧಿಸಿತು. ಏಳು ದಿನಗಳೊಳಗೆ ಹಣ ತೆಗೆದರೆ ಅತ್ಯಲ್ಪ ಶುಲ್ಕವೂ ಬಂದಿತು. ೨೦೨೧ರಿಂದ ಪ್ರತಿಯೊಂದು ನಿಧಿಯೂ ಆರು ಮಟ್ಟಗಳ ಅಪಾಯ ಸೂಚಕವನ್ನು ತೋರಿಸಬೇಕು. ಕನ್ನಡ ಮಾತ್ರ ಬಲ್ಲವನೂ ಆ ಮುಳ್ಳು ಯಾವ ಕಡೆಗಿದೆಯೆಂದು ನೋಡಬಹುದು. ಪ್ರತಿ ತಿಂಗಳೂ ಯಾವ ಯಾವ ಪತ್ರ ಎಷ್ಟೆಷ್ಟಿದೆಯೆಂಬ ಪಟ್ಟಿಯನ್ನೂ ಪ್ರಕಟಿಸುತ್ತಾರೆ. ಅದನ್ನು ಓದಿ ಹೇಳುವ ಕೆಲಸವನ್ನು ಹತ್ತನೆಯ ತರಗತಿಯ ಮಕ್ಕಳು ತಂದೆತಾಯಿಗಳಿಗೆ ಮಾಡಿಕೊಡಬಹುದು. ಒಂದೇ ಗುಂಪಿನ ಕಂಪೆನಿಗಳ ಹೆಸರು ಮತ್ತೆ ಮತ್ತೆ ಬಂದರೆ, ಅಥವಾ ಇತರ ನಿಧಿಗಳಿಗಿಂತ ಇದೊಂದೇ ಎದ್ದು ಕಾಣುವಷ್ಟು ಹೆಚ್ಚು ಲಾಭ ತೋರಿಸುತ್ತಿದ್ದರೆ, ಏಕೆಂದು ಕೇಳಬೇಕು. ಅಲ್ಪಾವಧಿಯ ಹಣದಲ್ಲಿ ಹೆಚ್ಚು ಲಾಭಕ್ಕೆ ಕಾರಣ ಜಾಣತನವಿರುವುದು ವಿರಳ. ದುರ್ಬಲ ಸಾಲಗಾರನಿರುವುದೇ ಹೆಚ್ಚು.

ಹಾಗಾದರೆ ಬ್ಯಾಂಕೇ ಮೇಲಲ್ಲವೆ ಎಂದು ಆ ತಂದೆಯವರು ಕೇಳಿದರು. ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ ೫ ಲಕ್ಷ ರೂಪಾಯಿಗಳ ವರೆಗೆ ವಿಮೆಯುಂಟು; ೨೦೨೦ರ ಫೆಬ್ರವರಿಗೆ ಮುಂಚೆ ಅದು ಒಂದೇ ಲಕ್ಷವಿತ್ತು. ಫಂಡಿಗೆ ಇಂಥ ವಿಮೆಯಿಲ್ಲ. ವಿಮೆಯಿದ್ದ ಮಾತ್ರಕ್ಕೆ ಬ್ಯಾಂಕಿನ ಹಣ ಯಾವಾಗಲೂ ಕೈಗೆ ಸಿಗುವುದೆಂದಲ್ಲ. ೨೦೨೦ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರು ೩೫,೦೦೦ಕ್ಕಿಂತ ಹೆಚ್ಚು ತೆಗೆಯದಂತೆ ರಿಸರ್ವ್ ಬ್ಯಾಂಕು ನಿರ್ಬಂಧ ಹಾಕಿದಾಗ ನಿವೃತ್ತರಾದ ಎಷ್ಟೋ ಜನರು ಕಂಗಾಲಾದರು. ಅಪಾಯವೇ ಇಲ್ಲದ ಸ್ಥಳವೆಂಬುದು ಇಲ್ಲ. ಸರ್ಕಾರದ ಖಜಾನೆ ಹುಂಡಿಯು ಅದಕ್ಕೆ ಅತಿ ಸಮೀಪದ್ದು. ೨೦೨೧ರ ನವೆಂಬರಿನಿಂದ ರಿಸರ್ವ್ ಬ್ಯಾಂಕಿನ ರೀಟೇಲ್ ಡೈರೆಕ್ಟ್ ಯೋಜನೆಯಲ್ಲಿ ಸಾಮಾನ್ಯರೂ ಅದನ್ನು ನೇರವಾಗಿ ಕೊಳ್ಳಬಹುದು.

ಇಷ್ಟು ಹೇಳಿದ ಮೇಲೆ ಇನ್ನೊಂದು ವರ್ಗವನ್ನು ಬೇರ್ಪಡಿಸಿ ತೋರಿಸದಿದ್ದರೆ ತಪ್ಪಾದೀತು. ನಮ್ಮ ಜಿಲ್ಲೆಗಳಲ್ಲಿ "ಫಂಡು", "ಸ್ಕೀಮು" ಎಂದರೆ ಜನರು ಬೆಚ್ಚುವುದು ಅಗ್ರಿಗೋಲ್ಡಿನ ನೆನಪಿನಿಂದ. ವಿಜಯವಾಡದ ಆ ಸಂಸ್ಥೆಯು ನಿವೇಶನದ ಆಸೆ, ಹೆಚ್ಚು ಹಣದ ಆಸೆ ತೋರಿಸಿ ಆಂಧ್ರ, ತೆಲಂಗಾಣ, ಕರ್ನಾಟಕಗಳಲ್ಲಿ ಲಕ್ಷಾಂತರ ಬಡವರಿಂದ ಹಣವೆತ್ತಿ, ೨೦೧೪-೧೫ರ ಹೊತ್ತಿಗೆ ಕುಸಿಯಿತು. ಅದು ಮ್ಯೂಚುಯಲ್ ಫಂಡಾಗಿರಲಿಲ್ಲ. ಸೆಬಿಯ ನೋಂದಣಿಯಿಲ್ಲದೆಯೇ ಹಣ ಸಂಗ್ರಹಿಸಿತ್ತು. ನಾನೂ ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೆಸರು ಹೇಳಲಾಗದ ಒಂದು ಫೈನಾನ್ಸಿನಲ್ಲಿ ಎಂಟು ತಿಂಗಳ ಉಳಿತಾಯವನ್ನು ಹಾಕಿ ಕಳೆದುಕೊಂಡವನೇ. ಒಂದು ದಿನ ಹೋಗಿ ನೋಡಿದರೆ ಬಾಗಿಲಿಗೆ ಬೀಗ, ಬೀಗದ ಕೆಳಗೆ ನನ್ನಂತಹ ಹತ್ತು ಹದಿನೈದು ಜನ. ಅಲ್ಲಿ ಹೋದದ್ದು ಶೇಕಡಾ ಏಳಲ್ಲ, ನೂರಕ್ಕೆ ನೂರು. ನೋಂದಾಯಿತ ನಿಧಿಯಲ್ಲಿ ಪತ್ರಗಳನ್ನು ಕಾಯುವ ಪಾಲಕರು ಬೇರೆ, ವ್ಯವಹಾರ ಮಾಡುವವರು ಬೇರೆ, ಮೇಲೆ ಟ್ರಸ್ಟಿಗಳಿರುತ್ತಾರೆ. ಆದುದರಿಂದ ಒಬ್ಬನು ಗಂಟು ಕಟ್ಟಿಕೊಂಡು ಓಡುವುದು ಸುಲಭವಲ್ಲ. "ಇಷ್ಟು ಬಡ್ಡಿ ಖಂಡಿತ" ಎಂದು ಮನಿ ಮಾರ್ಕೆಟ್ ಫಂಡಿನ ಹೆಸರಿನಲ್ಲಿ ಯಾರಾದರೂ ಹೇಳಿದರೆ, ಅವನು ಆ ನಿಧಿಯ ನಿಯಮವನ್ನು ಓದಿದವನಲ್ಲವೆಂದು ತಿಳಿಯತಕ್ಕದ್ದು.

ತೆರಿಗೆಯ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ೨೦೨೩ರ ಏಪ್ರಿಲ್ ೧ರಿಂದೀಚೆಗೆ ಕೊಂಡ ಇಂಥ ಯೂನಿಟುಗಳ ಲಾಭವು ಎಷ್ಟು ಕಾಲ ಇಟ್ಟಿದ್ದರೂ ಇತರ ವರಮಾನದಂತೆಯೇ ತೆರಿಗೆಗೆ ಒಳಪಡುತ್ತದೆ. ವರಮಾನವು ಮಿತಿಯೊಳಗಿರುವ ಮನೆಗಳಿಗೆ ಅದರ ಬಾಧೆಯಿಲ್ಲ. ಖರ್ಚಿನ ವಿಷಯವು ಅದಕ್ಕಿಂತ ಮುಖ್ಯ. ಮಧ್ಯಸ್ಥನ ಮೂಲಕ ಕೊಂಡರೆ ಅವನ ದಲ್ಲಾಳಿಯೂ ಪ್ರತಿದಿನ ನಿಧಿಯಿಂದ ಕಳೆಯುತ್ತ ಹೋಗುತ್ತದೆ. ೨೦೧೩ರಿಂದ ನೇರವಾಗಿ ಕೊಳ್ಳುವ ಡೈರೆಕ್ಟ್ ಎಂಬ ಮಾರ್ಗವಿದೆ. ಲಾಭವೇ ಕಿರಿದಾಗಿರುವಲ್ಲಿ ಈ ಸಣ್ಣ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ.

ಮೂರನೆಯ ಸಂಜೆ ಆ ತಂದೆಯವರು, "ನೀವಾದರೆ ಏನು ಮಾಡುತ್ತಿದ್ದಿರಿ, ಅದನ್ನು ಹೇಳಿ" ಎಂದು ಪಟ್ಟು ಹಿಡಿದರು. ಹಾಸ್ಟೆಲಿಗೆ ಬೇಕಾದ ೬೦,೦೦೦ವನ್ನು ಮೇ ಕೊನೆಗೆ ಮುಗಿಯುವಂತೆ ಬ್ಯಾಂಕಿನಲ್ಲಿ ಮುದ್ದತು ಠೇವಣಿಯಿಡಿ, ಬೀಜ ಗೊಬ್ಬರಕ್ಕೆಂದಿರುವ ಉಳಿದ ಅರ್ಧವನ್ನು ಬೇಕಾದರೆ ಲಿಕ್ವಿಡ್ ಫಂಡಿನಲ್ಲಿ ಹಾಕಿ ಎಂದೆನು. ಬೀಜದ ಹಣ ಎರಡು ದಿನ ತಡವಾಗಿ ಬಂದರೆ ಮಳೆಯೂ ಹಾಗೆಯೇ ತಡವಾಗಿ ಬರುವುದರಿಂದ ನಡೆದೀತು, ಕಾಲೇಜಿನವರು ತಡೆಯರು. ಮಗಳೇ ಪಟ್ಟಿಯನ್ನು ಓದಿ, ಹೆಚ್ಚು ಭಾಗ ಖಜಾನೆ ಹುಂಡಿಗಳೂ ಬ್ಯಾಂಕಿನ ಪತ್ರಗಳೂ ಇದ್ದ ಒಂದು ನಿಧಿಯನ್ನು ಆರಿಸಿದಳು.

ಜೂನ್ ಮೊದಲ ವಾರ ಇಬ್ಬರೂ ಬಂದರು. ತಂದೆಯವರು ಚೀಟಿಯಲ್ಲಿ ಲೆಕ್ಕ ಬರೆದು ತಂದಿದ್ದರು. ಎರಡೂ ಕಡೆ ಹಣ ಸರಿಯಾಗಿ ಬಂದಿತ್ತು. ಬ್ಯಾಂಕಿಗಿಂತ ಫಂಡಿನಲ್ಲಿ ನೂರೈವತ್ತು ರೂಪಾಯಿ ಹೆಚ್ಚು.

"ಮೇಷ್ಟ್ರೆ, ನೂರೈವತ್ತು ರೂಪಾಯಿಗೆ ಮೂರು ಸಂಜೆ ಪಾಠ ಹೇಳಿದಿರಲ್ಲ!" ಎಂದು ನಕ್ಕರು.

"ಅಪ್ಪಾ, ಮನೆಯ ಪೆಟ್ಟಿಗೆಯಲ್ಲೇ ಇಟ್ಟಿದ್ದರೆ ಎರಡು ಕಡೆಯದೂ ಸೇರಿ ಮೂರು ಸಾವಿರ ಬರುತ್ತಿರಲಿಲ್ಲ" ಎಂದು ಮಗಳು ತಿದ್ದಿದಳು. ತುಮಕೂರಿನ ಬಸ್ಸಿಗೆ ಹೊತ್ತಾಗಿತ್ತು; ಚೀಟಿಯನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಹೊರಟರು.